ಗಣ್ಣಿಲ್ಲದ ಕಬ್ಬು

ರಂಪಕ್ಕೆಲ್ಲ ಕಾರಣ ನೋಟೀಸಿನ ಮೂರನೆಯ ಸಾಲು.

ಹೊಸಪೇಟೆಯ ತಾಲೂಕು ಕಚೇರಿಯಿಂದ ಕಂಪ್ಲಿಯ ತೋಟಪ್ಪನಿಗೆ ಬಂದ ಆ ಕಾಗದದಲ್ಲಿ ಇದ್ದದ್ದು ಮೂರೇ ಸಾಲು. ಬಂದೂಕಿನ ಲೈಸೆನ್ಸು ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಅಂದು ಸಂಜೆ ಐದು ಗಂಟೆಯೊಳಗೆ ಬಂದೂಕನ್ನು ಹಾಜರುಪಡಿಸಿ ಹೊಸದು ಮಾಡಿಸಿಕೊಳ್ಳದಿದ್ದರೆ ಬಂದೂಕು ಸರ್ಕಾರದ ಪಾಲು. ತರುವಾಗ ಮದ್ದು ತೆಗೆದು, ಸ್ವಂತ ಬಂಡಿಯಲ್ಲಿ, ಜನರ ಕಣ್ಣಿಗೆ ಬೀಳದಂತೆ ಭದ್ರವಾಗಿ ಇಟ್ಟು ತರತಕ್ಕದ್ದು.

ಬೇರೆ ಯಾರಾದರೂ ಎರಡನೆಯ ಸಾಲಿಗೆ ಹೆದರುತ್ತಿದ್ದರು. ತೋಟಪ್ಪ ಮೂರನೆಯದಕ್ಕೆ ಹೆದರಿದ. ಅವನು ಹಾಗೆಯೇ. ಸರ್ಕಾರ 'ಇಲ್ಲಿ ಸಹಿ ಮಾಡು' ಎಂದು ಗೆರೆ ಎಳೆದು ಕೊಟ್ಟರೆ, ಸಹಿ ಗೆರೆಯ ಮೇಲಿರಬೇಕೋ ಗೆರೆಗೆ ತಾಗಬೇಕೋ ಎಂದು ಕೇಳಲು ಎರಡು ಮನೆ ತಿರುಗುವ ಮನುಷ್ಯ.

ನೋಟೀಸು ಬಂದದ್ದು ಇಪ್ಪತ್ತನಾಲ್ಕನೇ ತಾರೀಖು. ಮರುದಿನವೇ ಹೋಗಿ ಬರಬಹುದಿತ್ತು. ಆದರೆ ಬಂದೂಕನ್ನು ಬಂಡಿಯಲ್ಲಿ ಹೇಗೆ ಇಡುವುದು ಎಂದು ಯೋಚಿಸುವುದರಲ್ಲೇ ಅವನು ಆರು ದಿನ ಕಳೆದ. ಟ್ರಂಕಿನಲ್ಲಿ ಇಡೋಣವೆಂದರೆ ಬಂದೂಕು ಟ್ರಂಕಿಗಿಂತ ಒಂದೂವರೆ ಮೊಳ ಉದ್ದ. ಹುಲ್ಲಿನ ಕೆಳಗೆ ಇಡೋಣವೆಂದರೆ ಅರ್ಧ ದಾರಿಯಲ್ಲಿ ಎತ್ತುಗಳಿಗೆ ಆ ಹುಲ್ಲನ್ನೇ ಹಾಕಬೇಕು. ಗಾದಿಯಲ್ಲಿ ಸುತ್ತಿ ಮಲಗಿಸಿ ನೋಡಿದ. ಹೆಂಡತಿ ಮರುಳಸಿದ್ದಮ್ಮ ಅದನ್ನು ಕಂಡು ಎದೆ ಹಿಡಿದುಕೊಂಡಳು.

"ಇದೇನ್ರೀ ಇದು, ಯಾರ್ನ ಮಲಗಿಸೀರಿ? ದಾರ್ಯಾಗ ಸಿಕ್ಕೋರೆಲ್ಲ ಯಾರಿಗೆ ಆರಾಮಿಲ್ಲ ಅಂತ ಕೇಳ್ತಾರ. ಆಮ್ಯಾಲ ನಮ್ಮನಿಗೆ ಮಾತಾಡಿಸಾಕ ಬರ್ತಾರ."

"ಮತ್ತೇನ್ ಮಾಡ್ಲೇ?"

"ಏನಾರ ಮಾಡ್ರಿ. ಬಂದೂಕಿಲ್ದ ತಿರುಗಿ ಬಂದ್ರ ಹೊಲದಾಗ ನೀವಾ ಕುಂತು ಹಂದಿ ಕಾಯ್ರಿ. ನಿಮ್ಮ ದನಿಗೆ ಹಂದಿ ಹೆದರ್ತಾವೋ ಇಲ್ಲೋ ನೋಡಾಮು."

ಅವಳ ಮಾತಿನಲ್ಲಿ ನ್ಯಾಯವಿತ್ತು. ತೋಟಪ್ಪನಿಗೆ ಇದ್ದದ್ದು ಆರು ಎಕರೆ ಕಬ್ಬು. ಗುಡ್ಡದ ಕಡೆಯಿಂದ ಹಂದಿಗಳು ಮದುವೆ ಊಟಕ್ಕೆ ಬಂದ ಬೀಗರಂತೆ ಸಾಲಾಗಿ ಬರುತ್ತಿದ್ದವು. ಅಪ್ಪನ ಕಾಲದ ಆ ಒಂಟಿ ನಳಿಗೆಯ ಬಂದೂಕು ಇದುವರೆಗೆ ಒಂದು ಹಂದಿಯನ್ನೂ ಕೊಂದಿರಲಿಲ್ಲ ನಿಜ. ಆದರೆ ಅದು ಒಮ್ಮೆ ಢಮ್ಮೆಂದರೆ ನಾಲ್ಕು ದಿನ ಅವು ಪಕ್ಕದವರ ಹೊಲಕ್ಕೆ ಹೋಗುತ್ತಿದ್ದವು. ಬಂದೂಕು ಹೋದರೆ ಕಬ್ಬೂ ಹೋದಂತೆಯೇ.

ಕೊನೆಗೆ ದಾರಿ ತೋರಿಸಿದವರು ಎದುರುಮನೆಯ ಕೊಟ್ರಯ್ಯ. ಓಣಿಯಲ್ಲಿ ಯಾರ ಮನೆಯ ಯಾವ ವಿಷಯವನ್ನೂ ಅವರು ತಮ್ಮ ಅಪ್ಪಣೆಯಿಲ್ಲದೆ ಮುಗಿಯಗೊಡುತ್ತಿರಲಿಲ್ಲ.

"ಲೇ ತೋಟಪ್ಪ, ಕಂಪ್ಲಿಯಿಂದ ಹೋಗೋ ಬಂಡ್ಯಾಗ ಯಾವ ವಸ್ತು ಇದ್ರ ಯಾರೂ ತಿರುಗಿ ನೋಡಂಗಿಲ್ಲ, ಹೇಳು?"

"ಏನ್ರಿ ಅಯ್ಯನವರ?"

"ಕಬ್ಬು! ಬಂದೂಕಿನ ಸುತ್ತ ರವದಿ ಸುತ್ತು. ಸುತ್ತೂ ಕಬ್ಬು ಇಟ್ಟು ಹೊರಿ ಕಟ್ಟು. ಉದ್ದಕ್ಕ ಉದ್ದ ಸರಿ ಹೋಗ್ತೈತಿ. ಅದ್ರಾಗೂ ಹಸಿರು ಕಬ್ಬು ಬ್ಯಾಡ, ಕರಿಕಬ್ಬು ತಗೋ. ನಳಿಗಿ ಕರ್ರಗೈತಲ್ಲ, ಬಣ್ಣಕ್ಕ ಬಣ್ಣನೂ ಕೂಡ್ತೈತಿ."

ತೋಟಪ್ಪನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಒಣಗಿದ ಕಬ್ಬಿನ ಗರಿಯನ್ನು ಬಂದೂಕಿಗೆ ಎರಡು ಸುತ್ತು ಸುತ್ತಿ, ಹೊಲದಲ್ಲೇ ದಪ್ಪನೆಯ ನಲವತ್ತು ಕರಿಕಬ್ಬಿನ ಜಲ್ಲೆ ಆರಿಸಿ, ನಡುವೆ ಬಂದೂಕು ಮಲಗಿಸಿ ಮೂರು ಕಡೆ ಹಗ್ಗ ಬಿಗಿದ. ದೂರ ನಿಂತು ನೋಡಿದ. ಬಗ್ಗಿ ನೋಡಿದ. ಹೆಂಡತಿಯನ್ನು ಕರೆದು, "ಎಲ್ಲೈತಿ ಹೇಳು ನೋಡಾಮು" ಎಂದ. ಎಲ್ಲಿದೆಯೆಂದು ಗೊತ್ತಿದ್ದ ಅವಳಿಗೂ ಕಾಣಿಸಲಿಲ್ಲ.

ಮೂವತ್ತೊಂದರ ಬೆಳಕು ಹರಿಯುವ ಹೊತ್ತಿಗೆ ಬಂಡಿ ಹೂಡಿದ. ಹೊಸಪೇಟೆಗೆ ಇಪ್ಪತ್ತು ಮೈಲಿ. ಎತ್ತುಗಳ ನಡಿಗೆಯಲ್ಲಿ ಮಧ್ಯಾಹ್ನಕ್ಕೆಲ್ಲ ಮುಟ್ಟಬಹುದು.

ಓಣಿ ದಾಟುವ ಮೊದಲೇ ಅಕ್ಕನಾಗಮ್ಮ ಅಡ್ಡ ಬಂದಳು. ಓಣಿಗೆಲ್ಲ ದೊಡ್ಡವ್ವ, ಬುಕ್ಕಸಾಗರದಲ್ಲಿ ಮಗಳ ಮನೆ.

"ನಿಂದ್ರಿಸೋ ತೋಟಪ್ಪ. ನಾನೂ ಬರ್ತೀನಿ."

"ದೊಡ್ಡವ್ವ, ಇವತ್ತು ಬಂಡ್ಯಾಗ ಜಾಗ…"

"ಜಾಗ ಇಲ್ದ ಏನು? ಒಂದು ಹೊರಿ ಕಬ್ಬೈತಿ. ಬೆನ್ನಿಗೆ ಆಸರ ಆತು."

ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹತ್ತಿ, ಹೊರೆಗೆ ಬೆನ್ನು ಕೊಟ್ಟು, ಎಲೆ ಅಡಿಕೆಯ ಚೀಲ ಬಿಚ್ಚಿಯೂ ಆಗಿತ್ತು.

ರಾಮಸಾಗರದವರೆಗೆ ಎಲ್ಲ ಸುಸೂತ್ರ. ಊರ ಮುಂದಿನ ಕಟ್ಟೆಯ ಹತ್ತಿರ ಬಂದಾಗ ಹಿಂದಿನಿಂದ 'ಸರಕ್' ಎಂದು ಸದ್ದಾಯಿತು. ತೋಟಪ್ಪ ತಿರುಗಿ ನೋಡಿದ. ಒಬ್ಬ ರೈತ ಒಂದು ಜಲ್ಲೆ ಎಳೆದುಕೊಂಡು, ಮೊಣಕಾಲಿಗೆ ಕೊಟ್ಟು ಮುರಿಯುತ್ತ ನಗುತ್ತಿದ್ದ.

"ಕರಿಕಬ್ಬು! ಭಾಳ ದಿನ ಆಗಿತ್ತು ನೋಡ್ರಿ."

ತೋಟಪ್ಪನಿಗೆ ಆಗಲೇ ಹೊಳೆದದ್ದು. ದಾರಿಯಲ್ಲಿ ಹೋಗುವ ಕಬ್ಬಿನ ಬಂಡಿಯಿಂದ ಒಂದು ಜಲ್ಲೆ ಎಳೆದುಕೊಳ್ಳುವುದು ಆ ಸೀಮೆಯಲ್ಲಿ ಕಳ್ಳತನವಲ್ಲ; ಕೇಳುವ ಪದ್ಧತಿಯೂ ಇಲ್ಲ. ಬೇಡ ಎಂದ ಬಂಡಿಯವನೇ ಸಣ್ಣ ಮನುಷ್ಯ. ಇದು ತೋಟಪ್ಪನಿಗೂ ಗೊತ್ತು, ಕೊಟ್ರಯ್ಯನವರಿಗೂ ಗೊತ್ತು. ಆದರೆ ಸ್ವಂತ ಕಬ್ಬು ಬೆಳೆಯುವವರು ಇನ್ನೊಬ್ಬರ ಬಂಡಿಗೆ ಕೈ ಹಾಕುವ ಪ್ರಸಂಗವೇ ಬರದಿದ್ದರಿಂದ ಇಬ್ಬರಿಗೂ ನೆನಪಾಗಿರಲಿಲ್ಲ. ಆಲೆಮನೆಗೆ ಹೋಗುವ ತುಂಬಿದ ಬಂಡಿಯಲ್ಲಿ ಹತ್ತು ಜಲ್ಲೆ ಹೋದರೆ ಲೆಕ್ಕವಿಲ್ಲ. ಇವನದು ನಲವತ್ತು. ಅದೂ ಗಾಣಕ್ಕೆ ಹಾಕುವ ಕಬ್ಬಲ್ಲ, ಜನ ಬಾಯಿ ಚಪ್ಪರಿಸಿ ತಿನ್ನುವ ಕರಿಕಬ್ಬು!

ಸರಕ್. ಸರಕ್. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು.

"ಯಾಕೋ ಹಿಂದ ಹಿಂದ ನೋಡ್ತೀ? ಎತ್ತು ಮುಂದ ಅದಾವ" ಎಂದಳು ಅಕ್ಕನಾಗಮ್ಮ. ಆಮೇಲೆ ದಾರಿಹೋಕರ ಕಡೆ ತಿರುಗಿ, "ತಗೋರಪ್ಪ, ತಗೋರಿ. ನಮ್ಮ ತೋಟಪ್ಪಂದಾ ಕಬ್ಬು. ಸಕ್ರಿ ಇದ್ದಂಗ ಐತಿ. ಏ ತಂಗಿ, ಬಾ, ಸೊಂಟದಾಗಿನ ಕೂಸಿಗೂ ಒಂದು ತಗೋ!"

"ಕೂಸಿಗೆ ಹಲ್ಲಿಲ್ಲ ದೊಡ್ಡವ್ವ" ಎಂದ ತೋಟಪ್ಪ ಅಳುವ ದನಿಯಲ್ಲಿ.

"ಬರೋತನ ಇಟಗೊಳ್ಳಲಿ ಬಿಡು. ನಿನಗ್ಯಾಕ ಅಷ್ಟು ಜೀವ ಹೋಗ್ತೈತಿ? ನಿಮ್ಮಪ್ಪ ಹಿಂಗಿರ್ಲಿಲ್ಲ."

ರಾಮಸಾಗರ ದಾಟಿದಾಗ ಇಪ್ಪತ್ತೊಂಬತ್ತು ಉಳಿದಿದ್ದವು. ಹಗ್ಗ ಸಡಿಲವಾಗಿ ಹೊರೆ ಸೊರಗಿದ ಎಮ್ಮೆಯ ಹಾಗೆ ಕಾಣುತ್ತಿತ್ತು. ಬುಕ್ಕಸಾಗರ ಹತ್ತಿರವಾದಾಗ ಅಕ್ಕನಾಗಮ್ಮ ಬೆನ್ನು ತಿಕ್ಕಿಕೊಂಡು, ಹೊರೆಯೊಳಗೆ ಕೈ ಹಾಕಿ ತಡಕಿದಳು.

"ಲೇ, ಇದೊಂದು ಕಬ್ಬು ಬೆನ್ನಿಗೆ ಒತ್ತಾಕ ಹತ್ತೈತಿ. ಇದಕ್ಕ ಗಣ್ಣೇ ಇಲ್ಲಲ್ಲೋ!"

ತೋಟಪ್ಪನ ಕೈಯಿಂದ ಬಾರುಕೋಲು ಜಾರಿತು.

"ಅದು… ಹೊಸ ತಳಿ ದೊಡ್ಡವ್ವ. ಸರ್ಕಾರದ್ದು."

"ಸರ್ಕಾರ ಗಣ್ಣಿಲ್ಲದ ಕಬ್ಬು ಮಾಡೈತಾ? ನನ್ನಂಥ ಹಲ್ಲಿಲ್ಲದೋರಿಗೆ ಭಾಳ ಉಪಕಾರ ಆತು. ಎಳೀಲೇನು?"

"ಬ್ಯಾಡ!"

ಆ ಕೂಗಿಗೆ ಎತ್ತುಗಳೂ ನಿಂತುಬಿಟ್ಟವು. ಅಕ್ಕನಾಗಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಂಡಿಯಿಂದ ಇಳಿದಳು. ಇಳಿಯುವಾಗ ಮೊಮ್ಮಕ್ಕಳಿಗೆಂದು ಏಳು ಜಲ್ಲೆ ಎಳೆದುಕೊಂಡಳು. ಆ ಸಿಟ್ಟಿನಲ್ಲಿ ಎಳೆದದ್ದರಿಂದ ಅವು ಏಳೂ ಒಂದೇ ಕಡೆಯವು. ಊರೊಳಗೆ ಇನ್ನೂ ಏಳೆಂಟು ಹೋದವು.

ಊರಾಚೆ ಒಂದು ಹುಣಸೆ ಮರದ ಕೆಳಗೆ ಬಂಡಿ ನಿಲ್ಲಿಸಿ ಹೊರೆಯನ್ನು ಮತ್ತೆ ಕಟ್ಟಿದ. ಹದಿನಾಲ್ಕು ಜಲ್ಲೆ. ಎಲ್ಲವನ್ನೂ ಸುತ್ತ ಹರಡಿದರೆ ನಡುನಡುವೆ ಸಂದು ಬೀಳುತ್ತಿತ್ತು. ಒಂದೇ ಕಡೆ ಇಟ್ಟರೆ ಇನ್ನೊಂದು ಕಡೆ ಬಯಲು. ಬೋಳುತಲೆಯವನು ಇದ್ದ ನಾಲ್ಕು ಕೂದಲನ್ನು ಅತ್ತ ಇತ್ತ ಬಾಚುವ ಹಾಗೆ ಅವನು ಜಲ್ಲೆಗಳನ್ನು ಅತ್ತ ಇತ್ತ ಸರಿಸುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಯಜಮಾನ್ರ, ಹೊಸಪ್ಯಾಟಿಗೇನು?"

ಕೆಂಪು ಪೇಟ, ಪಟ್ಟಿ ಸುತ್ತಿದ ಕಾಲು, ಬೆವರಿದ ಮುಖ. ಹೊಸಪೇಟೆ ಠಾಣೆಯ ಪೊಲೀಸ್ ಉಚ್ಚೆಂಗಪ್ಪ. ಸಮನ್ಸು ಕೊಡಲು ಬಂದವನು ನಡೆದು ಸುಸ್ತಾಗಿದ್ದ. ಪೊಲೀಸಿಗೆ ಜಾಗವಿಲ್ಲ ಎನ್ನುವ ಧೈರ್ಯ ಕಂಪ್ಲಿಯಲ್ಲಿ ಇನ್ನೂ ಯಾರಿಗೂ ಹುಟ್ಟಿರಲಿಲ್ಲ.

ಉಚ್ಚೆಂಗಪ್ಪ ಹತ್ತಿ ಹೊರೆಯ ಪಕ್ಕದಲ್ಲೇ ಕಾಲು ಚಾಚಿದ. ಒಂದು ಜಲ್ಲೆ ಎಳೆದು ಹಲ್ಲಿನಿಂದ ಸಿಪ್ಪೆ ಸುಲಿದ. ಅರ್ಧ ಮೈಲಿಗೆ ಅದು ಮುಗಿಯಿತು. ಇನ್ನೊಂದು ಎಳೆದ. ಹೊರೆಯ ನಡುವಿನಿಂದ ರವದಿ ಸುತ್ತಿದ ಏನೋ ಇಣುಕಿತು.

"ಇದ್ಯಾವ್ದೋ ದಪ್ಪಂದು ಕಾಣ್ತೈತಲ್ರೀ. ಇಂಥಾದ್ದನ್ನ ಒಳಗಿಟ್ಟು ನನಗ ಕಡ್ಡಿ ತೋರಸ್ತೀರಾ?" ಎನ್ನುತ್ತ ಅವನು ಕೈ ಚಾಚಿದ.

ಆ ಕ್ಷಣ ತೋಟಪ್ಪನ ಬಾಯಿಯಿಂದ ಬಂದ ಮಾತು ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ.

"ಮುಟ್ಟಬ್ಯಾಡ್ರಿ ಸಾಹೇಬ್ರ! ಅದು ದೇವ್ರ ಕಬ್ಬು. ಹಂಪಿ ವಿರೂಪಾಕ್ಷಂದು. ಹರಕಿ."

ಉಚ್ಚೆಂಗಪ್ಪ ಬೆಂಕಿ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ. ಬಾಯಲ್ಲಿದ್ದದ್ದನ್ನು ಉಗುಳಿದ. ಕಾಲಿನ ಚಪ್ಪಲಿ ಬಿಚ್ಚಿ, ಹೊರೆಗೆ ಹಣೆ ಮುಟ್ಟಿಸಿ ನಮಸ್ಕರಿಸಿದ.

"ಮೊದ್ಲ ಹೇಳಬಾರ್ದೇನ್ರಿ! ಎರಡು ಜಲ್ಲಿ ತಿಂದುಬಿಟ್ನಲ್ರಿ! ಮನ್ಯಾಗ ಸಣ್ಣ ಮಕ್ಕಳದಾವ್ರಿ."

ಸುಳ್ಳು ಹೇಳಿದ ತೋಟಪ್ಪನಿಗೆ ಅವನಿಗಿಂತ ಹೆಚ್ಚು ಹೆದರಿಕೆಯಾಯಿತು. ದೇವರ ಹೆಸರಿನಲ್ಲಿ, ಅದೂ ಪೊಲೀಸಿನವನ ಎದುರಿಗೆ! ಆದರೆ ಒಂದು ಸಮಾಧಾನ: ಇನ್ನು ಯಾರೂ ಹೊರೆಗೆ ಕೈ ಹಾಕಲಾರರು.

ಅದು ನಿಜವಾಯಿತು, ಬೇಕಾದದ್ದಕ್ಕಿಂತ ಹೆಚ್ಚಾಗಿ. ಕಮಲಾಪುರದ ಬೀದಿಗೆ ಬಂಡಿ ಬಂದ ಕೂಡಲೇ ಉಚ್ಚೆಂಗಪ್ಪ ತಾನು ತಿಂದ ಪಾಪ ಕಳೆದುಕೊಳ್ಳಲು ಎದ್ದು ನಿಂತು ಕೂಗತೊಡಗಿದ.

"ಯಾರೂ ಕೈ ಹಚ್ಚಬ್ಯಾಡ್ರಿ! ವಿರೂಪಾಕ್ಷನ ಹರಕಿ ಕಬ್ಬು! ದೂರ ನಿಂತು ಕೈ ಮುಗೀರಿ!"

ಅಷ್ಟು ಹೇಳಿದರೆ ಸುಮ್ಮನಿರುವ ಊರು ಯಾವುದು? ಹೆಂಗಸರು ಅರಿಸಿನ ಕುಂಕುಮ ತಂದರು. ಯಾರೋ ಬಾಳೆಗೊನೆಯಿಂದ ಒಂದು ಚಿಪ್ಪು ಮುರಿದು ಇಟ್ಟರು. ಹೂ ಮಾರುವ ಹಂಪಮ್ಮ ಒಂದು ಮೊಳ ಚೆಂಡುಹೂವಿನ ಮಾಲೆಯನ್ನು ಹೊರೆಗೆ ಸುತ್ತಿ, "ನಮ್ಮ ಹೆಸರ್ಲೆನೂ ಒಂದು ನಮಸ್ಕಾರ ಮಾಡಪ್ಪಾ" ಎಂದಳು. ಒಬ್ಬ ಮುದುಕ ಗಾಲಿಗೆ ತೆಂಗಿನಕಾಯಿ ಒಡೆದ. ಕಾಯಿ ನೀರು ಎತ್ತಿನ ಮುಖಕ್ಕೆ ಸಿಡಿದು, ಎತ್ತು ಹೆದರಿ ಬಾಳೆಹಣ್ಣಿನ ಅಂಗಡಿಯೊಳಗೆ ಅರ್ಧ ನುಗ್ಗಿತು. ಅದನ್ನು ಹಿಂದಕ್ಕೆ ತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಹೊತ್ತು ಎರಡೂವರೆ.

ಊರ ಕೊನೆಗೆ ದಾರಿ ಎರಡಾಗುತ್ತಿತ್ತು. ತೋಟಪ್ಪ ಹೊಸಪೇಟೆಯ ಕಡೆ ಎತ್ತು ತಿರುಗಿಸಿದ. ಉಚ್ಚೆಂಗಪ್ಪ ಹಗ್ಗ ಹಿಡಿದ.

"ಹಂಪಿ ಬಲಕ್ಕಲ್ರೀ?"

"ಹೌದ್ರಿ. ಆದ್ರ ಮೊದ್ಲ ಕಚೇರಿ ಕೆಲಸ ಮುಗಿಸಿ…"

"ಏನ್ರೀ ಹಿಂಗಂತೀರಿ! ಹರಕಿ ಕಬ್ಬು ದೇವ್ರ ಊರು ಬಿಟ್ಟು ದಾಟಿ ಹೋಗಬಹುದೇನ್ರಿ? ಕಚೇರಿ ಎಲ್ಲಿ ಹೋಗ್ತೈತಿ? ಹೊಡೀರಿ ಬಲಕ್ಕ. ನಾನಾ ಹೊತ್ತುಕೊಂಡು ಗುಡಿಯೊಳಗ ಇಡ್ತೀನಿ. ತಿಂದ ತಪ್ಪಿಗೆ ಅಷ್ಟಾದ್ರೂ ಮಾಡ್ತೀನಿ."

ಹಂಪಿಗೆ ಹೋಗಿ ಬಂದರೆ ಐದು ಗಂಟೆ ದಾಟುತ್ತದೆ. ಬಂದೂಕು ಸರ್ಕಾರಕ್ಕೆ, ಕಬ್ಬು ಹಂದಿಗೆ. ಗುಡಿಯೊಳಗೆ ಪೂಜಾರಿಯ ಎದುರು ರವದಿ ಬಿಚ್ಚಿದರೆ ಆಮೇಲಿನದನ್ನು ಯೋಚಿಸುವುದೇ ಬೇಡ. ತೋಟಪ್ಪನ ತಲೆ ಹೊಳೆಯ ಸುಳಿಗೆ ಸಿಕ್ಕ ಹರಿಗೋಲಿನಂತೆ ಗಿರ್ರನೆ ತಿರುಗಿತು. ಬಂಡಿಯಿಂದ ಇಳಿದು ಪೊಲೀಸಿನವನ ಎರಡೂ ಕಾಲು ಹಿಡಿದ.

"ಸಾಹೇಬ್ರ, ಅದು ಕಬ್ಬಲ್ರೀ. ಬಂದೂಕು."

ಲೈಸೆನ್ಸು, ನೋಟೀಸು ಎರಡನ್ನೂ ತೆಗೆದು ತೋರಿಸಿ, ಗಾದಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ಉಚ್ಚೆಂಗಪ್ಪನ ಮುಖ ಮೊದಲು ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು.

"ಅಂದ್ರ ನಾನು ಹಣಿ ಹಚ್ಚಿದ್ದು ನಳಿಗಿಗೇನ್ರಿ?"

"ಇಲ್ರಿ, ಹಿಡಿಗೆ ಹಚ್ಚಿದ್ರಿ. ನಳಿಗಿ ಆ ಕಡಿಗೈತ್ರಿ" ಎಂದ ತೋಟಪ್ಪ. ತಪ್ಪು ಮಾಹಿತಿ ಕೊಡುವುದು ಅವನಿಗೆ ಆಗದು.

ಉಚ್ಚೆಂಗಪ್ಪ ಸುತ್ತ ನೋಡಿ ದನಿ ತಗ್ಗಿಸಿದ. "ಈ ಮಾತು ನಮ್ಮ ಠಾಣ್ಯಾಗ ಯಾರ ಕಿವಿಗೂ ಬೀಳಬಾರ್ದು ನೋಡ್ರಿ. ಬಂದೂಕಿಗೆ ಕಮಲಾಪುರದಾಗ ಪೂಜಿ ಮಾಡಿಸಿದ ಪೊಲೀಸ ಅಂತ ರಿಟೈರ್ ಆಗೋತನ ಆಡ್ಕೊಂತಾರ."

"ನನ್ನಾಣಿಗೂ ಹೇಳಂಗಿಲ್ರಿ. ಆದ್ರ ಇರೋ ಹನ್ನೆರಡು ಜಲ್ಲ್ಯಾಗ ಹೊಸಪ್ಯಾಟಿ ಹೆಂಗ ದಾಟ್ಲಿ? ಅಲ್ಲಿ ಜನ ಮಿಡತಿ ಇದ್ದಂಗ ಅದಾರ."

ಉಚ್ಚೆಂಗಪ್ಪ ಮೀಸೆ ಕಡಿದ. ಆಮೇಲೆ ಅವನ ಮುಖ ಅರಳಿತು.

"ಯಜಮಾನ್ರ, ಬಂದೂಕು ಎಲ್ಲಿದ್ರ ಯಾರ ಕಣ್ಣಿಗೂ ಬೀಳಂಗಿಲ್ಲ, ಹೇಳ್ರಿ?"

ಇಂಥ ಪ್ರಶ್ನೆಗೆ ಒಮ್ಮೆ ಉತ್ತರ ಕೇಳಿ ಕೆಟ್ಟಿದ್ದ ತೋಟಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಪೊಲೀಸ್ನೋನ ಹೆಗಲ ಮ್ಯಾಲ!"

ಮಾತು ನೂರಕ್ಕೆ ನೂರು ಸತ್ಯ. ರವದಿ ಬಿಚ್ಚಿ, ಕುಂಕುಮ ಒರೆಸಿ, ಬಂದೂಕನ್ನು ಹೆಗಲಿಗೇರಿಸಿ ಉಚ್ಚೆಂಗಪ್ಪ ಬಂಡಿಯಲ್ಲಿ ನೆಟ್ಟಗೆ ಕುಳಿತ. ಹೊಸಪೇಟೆಯ ಬಜಾರಿನ ನಡುವೆ ಬಂಡಿ ಹೋಯಿತು. ಹತ್ತಾರು ಕೈಗಳು ಚಾಚಿ ಹನ್ನೆರಡು ಜಲ್ಲೆಯನ್ನೂ ಎಳೆದುಕೊಂಡವು. ಬಂದೂಕಿನ ಕಡೆ ಒಬ್ಬನೂ ತಲೆ ಎತ್ತಿ ನೋಡಲಿಲ್ಲ. ಬೆಳಗಿನಿಂದ ಮೊದಲ ಸಲ ತೋಟಪ್ಪ ಸಮಾಧಾನವಾಗಿ ಉಸಿರುಬಿಟ್ಟ. ಇಷ್ಟು ಸುಲಭದ ಉಪಾಯಕ್ಕೆ ಆರು ದಿನ ಹಾಳು ಮಾಡಿದೆನಲ್ಲ ಎಂದುಕೊಂಡ.

ತಾಲೂಕು ಕಚೇರಿಯ ಮುಂದೆ ಬಂಡಿ ನಿಂತಾಗ ನಾಲ್ಕೂವರೆ. ಎತ್ತಿನ ಬಂಡಿ ಆವರಣದೊಳಗೆ ಬಿಡುವಂತಿರಲಿಲ್ಲ.

"ನೀವು ಎತ್ತು ಬಿಚ್ಚಿ, ಆ ಬೇವಿನ ಗಿಡಕ್ಕ ಕಟ್ಟಿ ಬರ್ರಿ" ಎಂದ ಉಚ್ಚೆಂಗಪ್ಪ. "ಅಲ್ಲಿಮಟ ನಾನು ಇದನ್ನ ಗುಮಾಸ್ತರ ಮೇಜಿನ ಮ್ಯಾಲ ಇಟ್ಟಿರ್ತೀನಿ. ನಿಮ್ಮ ಪಾಳಿ ಹಿಡಿದಂಗೂ ಆಗ್ತೈತಿ."

ತೋಟಪ್ಪ ಎತ್ತು ಕಟ್ಟಿ, ನೀರು ಕುಡಿಸಿ, ಮುಖ ತೊಳೆದು, ಲೈಸೆನ್ಸು ಹಿಡಿದು ಓಡಿ ಒಳಗೆ ಹೋದಾಗ ಹತ್ತು ನಿಮಿಷವೂ ಆಗಿರಲಿಲ್ಲ. ಮೇಜಿನ ಸುತ್ತ ಜನ ನಿಂತಿದ್ದರು. ನಡುವೆ ಇನ್‌ಸ್ಪೆಕ್ಟರು ಉಚ್ಚೆಂಗಪ್ಪನ ಬೆನ್ನು ತಟ್ಟುತ್ತಿದ್ದರು.

"ಶಹಬ್ಬಾಸ್! ಸಮನ್ಸು ಕೊಡಾಕ ಹೋದೋನು ಕಬ್ಬಿನ ಬಂಡ್ಯಾಗ ಮುಚ್ಚಿಟ್ಟ ಬಂದೂಕು ಹಿಡಕೊಂಡು ಬಂದೀಯಂದ್ರ! ಮುಂದಿನ ತಿಂಗಳು ನಿನ್ನ ದಫೇದಾರ್ ಮಾಡಾಕ ಬರೀತೀನಿ ನೋಡು."

ಉಚ್ಚೆಂಗಪ್ಪನ ಬಾಯಿ ಹೊಳೆಯಿಂದ ಹೊರಗೆ ಬಿದ್ದ ಮೀನಿನಂತೆ ತೆರೆದು ಮುಚ್ಚುತ್ತಿತ್ತು. ಗುಮಾಸ್ತರು ದಪ್ಪನೆಯ ರಿಜಿಸ್ಟರಿನಲ್ಲಿ ಕೊನೆಯ ಅಕ್ಷರ ಬರೆದು, ಊದಿ ಮಸಿ ಒಣಗಿಸುತ್ತಿದ್ದರು.

"ಸ್ವಾಮೇರ, ಅದು ನನ್ನ ಬಂದೂಕು" ಎಂದ ತೋಟಪ್ಪ.

ಗುಮಾಸ್ತರು ಲೈಸೆನ್ಸು ನೋಡಿದರು, ಬಂದೂಕಿನ ನಂಬರು ನೋಡಿದರು. "ಹೌದು. ನಿಮ್ಮದೇ."

"ಹಂಗಾದ್ರ ಕೊಟ್ಟುಬಿಡ್ರಿ."

"ಹೆಂಗ ಕೊಡ್ಲಿ? ಜಪ್ತಿ ರಿಜಿಸ್ಟರಿಗೆ ಏರಿಬಿಟ್ಟೈತಲ್ಲ. ಪೆನ್ಸಿಲ್ ಆಗಿದ್ರ ಅಳಿಸ್ತಿದ್ದೆ. ಇದು ಮಸಿ."

ಇನ್‌ಸ್ಪೆಕ್ಟರು ಹುಬ್ಬು ಗಂಟಿಕ್ಕಿ ತಿರುಗಿದರು. "ಒಂದಾ ಮಾತು ಹೇಳ್ರಿ. ಬಂದೂಕು ಕಬ್ಬಿನ ಹೊರ್ಯಾಗ ಮುಚ್ಚಿಟ್ಟಿದ್ದು ಖರೇನೋ ಸುಳ್ಳೋ?"

ಉಚ್ಚೆಂಗಪ್ಪ ಅವರ ಬೆನ್ನ ಹಿಂದಿನಿಂದ ಎರಡೂ ಕೈ ಜೋಡಿಸಿ ತೋಟಪ್ಪನನ್ನೇ ನೋಡುತ್ತಿದ್ದ. ಹರಕೆ, ಹೂಮಾಲೆ, ತೆಂಗಿನಕಾಯಿ ಎಲ್ಲ ಆ ನೋಟದಲ್ಲಿದ್ದವು. ಕೊಟ್ಟ ಮಾತು ಒಂದು ಕಡೆ. ಕೇಳಿದ ಪ್ರಶ್ನೆಗೆ ಸತ್ಯ ಹೇಳಬೇಕಾದದ್ದು ಇನ್ನೊಂದು ಕಡೆ. ಎರಡೂ ಕಡೆ ನಡೆಯುವ ಉತ್ತರ ಒಂದೇ ಇತ್ತು.

"ಖರೇರಿ. ನೋಟೀಸಿನಾಗ ಕಣ್ಣಿಗೆ ಬೀಳದಂಗ ತರಬೇಕಂತ ಐತ್ರಿ" ಎಂದ ತೋಟಪ್ಪ.

"ಮತ್ತ? ನೀವಾ ತಂದಿದ್ರ ಆ ಮಾತು ನಡೀತಿತ್ತು. ಪೊಲೀಸ್ನೋನು ತಂದಾನ, ಬರದದ್ದೂ ಸರಿ ಐತಿ. ಬಳ್ಳಾರಿಗೆ ಅರ್ಜಿ ಹಾಕ್ರಿ. ಮೂರು ತಿಂಗಳಿಗೆ, ನಾಲ್ಕು ತಿಂಗಳಿಗೆ ಬಿಡಿಸಿಕೊಡ್ತಾರ."

"ನಾಲ್ಕು ತಿಂಗಳಿಗೆ ಕಬ್ಬೇ ಇರಂಗಿಲ್ರಿ!"

ಗುಮಾಸ್ತರಿಗೆ ಕನಿಕರ ಬಂತು. ಲೈಸೆನ್ಸನ್ನು ಎಳೆದುಕೊಂಡು, ಇನ್ನೂ ಐದು ಗಂಟೆಯಾಗಿಲ್ಲ ಎಂದು ಗಡಿಯಾರ ನೋಡಿ ಖಾತ್ರಿ ಮಾಡಿಕೊಂಡು, ಧಪ್ಪೆಂದು ಮುದ್ರೆ ಒತ್ತಿದರು. "ತಗೋರಿ. ಇನ್ನೊಂದು ವರ್ಷ ಬಂದೂಕು ಇಟ್ಟುಕೊಳ್ಳಾಕ ನಿಮಗ ಪರವಾನಗಿ ಐತಿ. ಇದಕ್ಕೇನೂ ಅಡ್ಡಿಯಿಲ್ಲ."

ಮುದ್ರೆ ಬಿದ್ದ ಕಾಗದವನ್ನು ಹಿಡಿದು ತೋಟಪ್ಪ ಬಾಗಿಲ ಕಡೆ ತಿರುಗಿದ. ಹಿಂದಿನಿಂದ ಗುಮಾಸ್ತರು ಮತ್ತೆ ಕರೆದರು.

"ಏ, ನಿಂದ್ರಿ. ಆ ಬೇವಿನ ಗಿಡದ ಕೆಳಗಿನ ಬಂಡಿ ನಿಮ್ಮದಾ ಏನು? ಖಾಲಿ ಐತಲ್ಲ. ಜಪ್ತಿ ಮಾಲು ಬಳ್ಳಾರಿಗೆ ಕಳಿಸಬೇಕು, ಇಲ್ಲಿ ಇಡಂಗಿಲ್ಲ. ನಾಳೆ ಕಚೇರಿಗೆ ರಜ. ನಾಡಿದ್ದು ಬೆಳಿಗ್ಗೆ ಬಂಡಿ ಹೊಡಕೊಂಡು ಬರ್ರಿ. ಸರ್ಕಾರಿ ಕೆಲಸ, ಇಲ್ಲ ಅನ್ನಂಗಿಲ್ಲ. ಕಾವಲಿಗೆ ಉಚ್ಚೆಂಗಪ್ಪ ಬರ್ತಾನ."

ತೋಟಪ್ಪ ಹೊರಗೆ ಬಂದು ಬೇವಿನ ಮರಕ್ಕೆ ಒರಗಿ ನಿಂತ. ತನ್ನ ಬಂದೂಕು, ತನ್ನ ಬಂಡಿ, ತನ್ನ ಎತ್ತು. ತಾನೇ ಹೊತ್ತುಕೊಂಡು ಹೋಗಿ ಸರ್ಕಾರಕ್ಕೆ ಒಪ್ಪಿಸಿ ಬರಬೇಕು. ಮನೆಗೆ ಹೋಗಿ ಮರುಳಸಿದ್ದಮ್ಮನಿಗೆ ಇದನ್ನು ಯಾವ ತುದಿಯಿಂದ ಹೇಳುವುದೆಂದು ಯೋಚಿಸುತ್ತಿದ್ದಾಗ ಉಚ್ಚೆಂಗಪ್ಪ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಯಜಮಾನ್ರ. ಕಬ್ಬಿನ ಹೊರ್ಯಾಗ ಇತ್ತು ಅಂದಿದ್ದೆ ಅಷ್ಟ, ಮುಂದಿಂದು ಹೇಳಾಕ ಅವರು ಬಿಡ್ಲೇ ಇಲ್ಲ. ಆದ್ರ ಒಂದು ಮಾತು. ಬಳ್ಳಾರಿ ಅಂದ್ರ ನಲವತ್ತು ಮೈಲಿ ಆಗ್ತೈತಿ, ದಾರಿತುಂಬ ಊರು ಅದಾವ. ನಾಡಿದ್ದು ಬರುವಾಗ ಒಂದು ನೂರು ಜಲ್ಲಿನಾದ್ರೂ ಹಾಕ್ಕೊಂಡು ಬರ್ರಿ."